ಸುಂಕದ ಮನೆಯ ಬಿಳಿ ಗೋಡೆ

ಸುಂಕದ ಮನೆಯ ಪಡುವಣ ಗೋಡೆ ಮಧ್ಯಾಹ್ನದ ಊಟಕ್ಕೆ ಬಿಡುವ ಹೊತ್ತಿಗೆ ಬಿತ್ತು. ಆಗ ಉಮಾ ತಲೆಯ ಮೇಲೆ ಸಿಂಬಿ ಇಟ್ಟುಕೊಂಡು ಬುಟ್ಟಿ ತುಂಬುವುದನ್ನೇ ಕಾಯುತ್ತ ನಿಂತಿದ್ದಳು. ಜೆಸಿಬಿಯ ಹಲ್ಲು ತಾಗಿದರೂ ಗೋಡೆ ಒಂದು ಗಳಿಗೆ ಅಲ್ಲಾಡಲಿಲ್ಲ. ಆಮೇಲೆ ಯಾರಿಗೂ ಹೇಳದೆ ಕೇಳದೆ ಬುಡದಿಂದಲೇ ಕುಸಿದು ಕೂತಿತು. ಎದ್ದ ಸುಣ್ಣದ ಧೂಳಿಗೆ ಕೂಲಿಯವರೆಲ್ಲ ಕೆಮ್ಮಿದರು, ಒಬ್ಬರ ಬಿಳಿ ಮುಖ ಒಬ್ಬರು ನೋಡಿ ನಕ್ಕರು. ಉಮಾಳೂ ನಕ್ಕಳು.

ಆ ಮನೆಯ ಮೇಲೆ ಮೋಹ ಇಟ್ಟುಕೊಳ್ಳುವಂಥದ್ದು ಏನೂ ಇರಲಿಲ್ಲ. ಘಟ್ಟದ ಮೇಲಿಂದ ಹತ್ತಿಯ ಗಾಡಿಗಳು ಇಳಿಯುತ್ತಿದ್ದ ಕಾಲಕ್ಕೆ ಸುರಗಿವಾಡದ ಕೊಲ್ಲಿಯಲ್ಲೂ ಹಾಯಿಹಡಗು ನಿಲ್ಲುತ್ತಿದ್ದವಂತೆ. ಉಪ್ಪಿಗೂ ಹತ್ತಿಗೂ ಸುಂಕ ವಸೂಲಿ ಮಾಡಲು ಬಿಳಿಯರು ಸಮುದ್ರಕ್ಕೆ ಮುಖ ಮಾಡಿ ಕಟ್ಟಿಸಿದ ಮನೆ ಅದು. ಹಡಗೆಲ್ಲ ಕಾರವಾರದ ಬಂದರಿಗೆ ಹೋದ ಮೇಲೆ ಸುಂಕ ಕೊಡುವವರೇ ಇಲ್ಲದಾಯಿತು. ಬಿಳಿಯರು ಹೋದ ಮೇಲೆ ತೆಗೆದುಕೊಳ್ಳುವವರೂ ಇಲ್ಲದಾಯಿತು. ಕೆಲವು ವರ್ಷ ರೇಷನ್ ಅಕ್ಕಿ ಇಟ್ಟರು, ಆಮೇಲೆ ಬಾವಲಿಗಳಿಗೆ ಬಿಟ್ಟರು. ಹಂಚು ಹೋಯಿತು, ಬಾಗಿಲು ಯಾರದೋ ಒಲೆಗೆ ಹೋಯಿತು. ಚಿಪ್ಪಿಸುಣ್ಣ ಬಳಿದ ಎತ್ತರದ ಪಡುವಣ ಗೋಡೆ ಮಾತ್ರ ಎಷ್ಟು ಮಳೆ ಹೊಡೆದರೂ ಬಿಳಿಯಾಗಿಯೇ ಉಳಿದಿತ್ತು.

ಕೊಲ್ಲಿಯೇನೂ ಇದ್ದ ಹಾಗೆ ಇರಲಿಲ್ಲ. ಗುಡ್ಡದ ಹಿಂದೆ ರೈಲು ಬಂತು. ಬಡಗಲಲ್ಲಿ ನೌಕಾನೆಲೆಗೆ ಮನೆ ಬಿಟ್ಟುಕೊಟ್ಟವರು ಇತ್ತ ಬಂದು ಸೈಟುಗಳಲ್ಲಿ ಕುಳಿತರು. ಹೆದ್ದಾರಿ ಅಗಲವಾಗುತ್ತದೆ ಎಂಬ ಮಾತು ಶುರುವಾದದ್ದೇ ತಡ, ಅಂಕೋಲೆಯ ಒಬ್ಬ ಸಾಹುಕಾರ ದಂಡೆಯ ಮೇಲೆಯೇ ಮೂರು ಮಾಳಿಗೆಯ ಲಾಡ್ಜ್ ಎಬ್ಬಿಸಿದ. ಈಗ ದಂಡೆಯುದ್ದಕ್ಕೂ ಬೀಚ್ ರೋಡ್ ಬರುವುದಿತ್ತು. ಅದರ ನಡುವೆ ಸುಂಕದ ಮನೆ ಅಡ್ಡ ನಿಂತಿತ್ತು, ಅಷ್ಟೇ.

ದೀಪಾವಳಿ ಕಳೆದ ಮೇಲೆ ಕೆಡವುತ್ತೇವೆ ಎಂದು ಹೇಳಿದ್ದರು. ಆದರೆ ಬೇರೆ ಕಡೆ ಹೋಗಬೇಕಿದ್ದ ಜೆಸಿಬಿ ಆ ದಿನ ಬೆಳಿಗ್ಗೆ ಬಿಡುವಾಗಿ ಸಿಕ್ಕಿಬಿಟ್ಟಿತು. ಮೇಸ್ತ್ರಿ ದೇವಿದಾಸನಿಗೆ ಬಿಡುವಾಗಿ ನಿಂತ ಯಂತ್ರ ಕಂಡರೆ ಹೊಟ್ಟೆ ಉರಿಯುತ್ತದೆ. ಇವತ್ತೇ ಮುಗಿಸಿಬಿಡುವ ಎಂದ. ಉಮಾ ಸಂಜೆಯವರೆಗೂ ಆ ಗೋಡೆಯನ್ನು ಬುಟ್ಟಿ ಬುಟ್ಟಿಯಾಗಿ ತಲೆಯ ಮೇಲೆ ಹೊತ್ತು ರಸ್ತೆಯ ತಗ್ಗಿಗೆ ಸುರಿದಳು. ಗಂಡ ಸುಭಾಷ ಬೆಳಕು ಹರಿಯುವ ಮುಂಚೆಯೇ ದೋಣಿ ಇಳಿಸಿದ್ದ. ಗಾಳಿಮಳೆಗೆ ವಾರಗಟ್ಟಲೆ ದಂಡೆಯಲ್ಲೇ ಕೂತಿದ್ದ ಊರ ದೋಣಿಗಳೆಲ್ಲ ಆ ದಿನ ಹೊರಗೆ ಹೋಗಿದ್ದವು. ಇಬ್ಬರಿಗೂ ದುಡಿಮೆ ಇದ್ದ ದಿನ ಎಂದು ಅವಳು ಒಳಗೊಳಗೇ ಖುಷಿಪಟ್ಟಳು.

ಮನೆಗೆ ಬಂದಾಗ ಅತ್ತೆ ಗಂಗಮ್ಮ ಜಗಲಿಯಲ್ಲಿ ಕೂತು ಹರಿದ ಬಲೆ ಹೆಣೆಯುತ್ತಿದ್ದಳು. ಉಮಾ ಕೈಕಾಲು ತೊಳೆಯುತ್ತ, ಸುಂಕದ ಮನೆ ಇವತ್ತೇ ಬಿತ್ತು, ನಾಳೆಯಿಂದ ರಸ್ತೆಯ ಕೆಲಸ, ಇನ್ನೂ ಒಂದು ತಿಂಗಳು ಕೂಲಿಗೆ ಕೊರತೆ ಇಲ್ಲ ಎಂದೆಲ್ಲ ಹೇಳಿದಳು. ಗಂಗಮ್ಮ ತಲೆ ಎತ್ತಲಿಲ್ಲ.

"ಯಾವ ಗೋಡೆ ಬಿತ್ತು?" ಎಂದು ಕೇಳಿದಳು.

ಎಲ್ಲವೂ, ಸಮುದ್ರದ ಬದಿಯದು ಮೊದಲು ಎಂದಳು ಉಮಾ. ಗಂಗಮ್ಮ ಬಲೆಯನ್ನು ತೊಡೆಯಿಂದ ಕೆಳಗಿಟ್ಟು ಎದ್ದಳು. ಅಂಗಳದ ತುದಿಗೆ ಹೋಗಿ, ತೆಂಗಿನ ಮರದ ಪಕ್ಕ ಅವಳು ದಿನವೂ ಸಂಜೆ ನಿಲ್ಲುವ ಜಾಗದಲ್ಲಿ ನಿಂತು, ದಂಡೆಯತ್ತ ನೋಡಿದಳು. ಅಲ್ಲಿ ಕಾಣುತ್ತಿದ್ದದ್ದು ಬರೀ ಆಕಾಶ. ಅವಳು ಮರ ಹಿಡಿದುಕೊಂಡಳು.

ಉಮಾಳಿಗೆ ಒಮ್ಮೆಲೇ ಹೆದರಿಕೆಯಾಯಿತು. ಮದುವೆಯಾಗಿ ಬಂದಾಗಿನಿಂದ ಅತ್ತೆ ಅಳುವುದನ್ನು ನೋಡಿದ್ದಳು, ಬೈಯುವುದನ್ನು ಬೇಕಾದಷ್ಟು ಕೇಳಿದ್ದಳು. ಹೀಗೆ ಬಾಯಿ ಒಣಗಿ ನಿಂತದ್ದನ್ನು ನೋಡಿರಲಿಲ್ಲ. ಎಂತಾಯಿತು ಎಂದು ಎಷ್ಟು ಕೇಳಿದರೂ ಗಂಗಮ್ಮ ಹೇಳಲೊಲ್ಲಳು. ಕೊನೆಗೆ ಉಮಾ ಅವಳ ತೋಳು ಹಿಡಿದು ಅಲ್ಲಾಡಿಸಿದಳು.

"ಸುಭಾಷ ಹ್ಯಾಂಗೆ ಒಳಗೆ ಬತ್ತಾ ಈಗ?" ಎಂದಳು ಗಂಗಮ್ಮ. "ಅಂವ ಎಂತಾ ನೋಡ್ಕಂಡ್ ಬತ್ತಾ?"

ಸುರಗಿವಾಡದ ಕೊಲ್ಲಿಯ ಬಾಯಲ್ಲಿ ಎರಡು ಬಂಡೆಗಳಿವೆ. ಊರವರು ಅವನ್ನು ಅತ್ತೆ-ಸೊಸೆ ಎನ್ನುತ್ತಾರೆ, ಎದುರುಬದುರು ಕೂತು ನಡುವೆ ಹೋಗುವವರನ್ನು ಅರೆಯುತ್ತವೆ ಎಂದು. ಇಳಿತದಲ್ಲಿ ಎರಡೂ ತಲೆ ತೋರಿಸುತ್ತವೆ, ಆಗ ಯಾರಿಗೂ ಭಯವಿಲ್ಲ. ಭರ್ತಿಯ ಉಬ್ಬರ ಏರಿತೆಂದರೆ ನೀರಿನಡಿ ಮುಳುಗಿ, ದೋಣಿಯ ತಳ ಸೀಳುವಷ್ಟೇ ಆಳದಲ್ಲಿ ಕೂರುತ್ತವೆ. ನಡುವಿನ ದಾರಿ ಇಕ್ಕಟ್ಟು. ಅಷ್ಟಮಿಯ ಸುಮಾರಿಗೆ ಭರ್ತಿ ಸರಿಯಾಗಿ ಸಂಜೆಗೇ ಏರುತ್ತದೆ. ಆ ದಿನ ಅಷ್ಟಮಿ.

ಆ ದಾರಿಗೆ ಒಂದು ಗುರ್ತ ಇತ್ತು. ಸಮುದ್ರದಿಂದ ಬರುವವನು ಹಿಂದಿನ ಗುಡ್ಡದ ನೆತ್ತಿಯ ಕೊರಕಲನ್ನೂ ದಂಡೆಯ ಮೇಲಿನ ಸುಂಕದ ಮನೆಯ ಬಿಳಿ ಗೋಡೆಯನ್ನೂ ನೋಡಬೇಕು. ಗೋಡೆಯ ಬಡಗಣ ಮೂಲೆ ಕೊರಕಲಿನ ಕೆಳಗೆ ನೇರ ಬಂದು ನಿಂತಾಗ ದೋಣಿಯ ಮೂತಿ ಒಳಗೆ ತಿರುಗಿಸಬೇಕು. ಇಷ್ಟೇ. ಆದರೆ ಇಂಥ ಗುರ್ತವನ್ನು ಈ ಕಡೆಯ ಮೀನುಗಾರರ ಮನೆಗಳಲ್ಲಿ ನೆಲದ ಮೇಲೆ ಆಡುವುದಿಲ್ಲ. ಮಗ ಮೊದಲ ಸಲ ಚುಕ್ಕಾಣಿ ಹಿಡಿದ ದಿನ ಅಪ್ಪ ನೀರಿನ ಮೇಲೆ, ಅವನ ಕಿವಿಯಲ್ಲಿ ಹೇಳುತ್ತಾನೆ. ಹೆಂಗಸರಿಗೆ ಹೇಳುವುದೇ ಇಲ್ಲ, ತವರಿಗೆ ಒಯ್ದುಬಿಡುತ್ತಾರಂತೆ. ಬೇರೆ ಮನೆಯವರಿಗೆ ತಿಳಿದರೆ ಭರ್ತಿಯ ಹೊತ್ತಿನಲ್ಲೂ ಅವರು ಒಳಗೆ ಬಂದಾರು, ಮೊದಲ ಮೀನು ಅವರದೇ ಮಾರಾಟವಾದೀತು ಎಂಬ ಸಂಕಟ. ಆದ್ದರಿಂದ ಗುರ್ತ ಹಿಡಿಯುವ ಮುಂಚೆ ದೋಣಿಯವರು ಹಿಂದೆಮುಂದೆ ನೋಡುತ್ತಾರೆ. ಬೇರೆಯವರು ಕಂಡರೆ ಬಲೆ ಸರಿಮಾಡುವ ನಾಟಕ ಮಾಡುತ್ತ, ಅವರು ಮರೆಯಾಗುವವರೆಗೆ ತೆರೆಯ ಮೇಲೆ ತೇಲುತ್ತಾರೆ.

ಗಂಗಮ್ಮನ ಗಂಡ ಪಾರ್ಶ್ವವಾಯು ಬಡಿದು ಮಲಗಿದಾಗ ಸುಭಾಷ ಇನ್ನೂ ಸಣ್ಣವ. ಬೇರೆ ದಾರಿ ಇಲ್ಲದೆ ಆತ ಹೆಂಡತಿಗೆ ಹೇಳಿದ. ದೀಪದ ಮುಂದೆ ಉಪ್ಪು ಹಿಡಿಸಿ ಮಾತು ತೆಗೆದುಕೊಂಡ: ಮಗನಿಗೆ ಬಿಟ್ಟು ಇನ್ನೊಂದು ಜೀವಕ್ಕೆ ತಿಳಿಯಬಾರದು. ಮಗ ಬೆಳೆದ ಮೇಲೆ ಗಂಗಮ್ಮ ಸೊಂಟದವರೆಗೆ ನೀರಿಗಿಳಿದು, ದೋಣಿಯ ಅಂಚು ಹಿಡಿದುಕೊಂಡು ಅವನ ಕಿವಿಯಲ್ಲಿ ಹೇಳಿದ್ದಳು. ಇದನ್ನೆಲ್ಲ ಉಮಾಳಿಗೆ ಅಂಗಳದಲ್ಲಿ ನಿಂತು ಅವಳು ತುಂಡುತುಂಡಾಗಿ, ಉಸಿರು ಎಳೆದುಕೊಳ್ಳುತ್ತ ಹೇಳಿದಳು. ಮೂಲೆ ಯಾವುದು, ಗುಡ್ಡದಲ್ಲಿ ನೋಡಬೇಕಾದದ್ದು ಯಾವುದು ಎಂಬುದನ್ನು ಮಾತ್ರ ಆಗಲೂ ಹೇಳಲಿಲ್ಲ.

ಉಮಾಳಿಗೆ ತಿಂಗಳ ಹಿಂದಿನ ಒಂದು ರಾತ್ರಿ ನೆನಪಾಯಿತು. ಶಾಲೆಯಲ್ಲಿ ರಸ್ತೆಯ ಮೀಟಿಂಗ್ ಇತ್ತು. ಎಂಜಿನಿಯರು ಒಳ್ಳೆಯವರೇ, ಸುಂಕದ ಮನೆ ಯಾರಿಗಾದರೂ ಉಪಯೋಗಕ್ಕಿದೆಯೇ, ತಕರಾರಿದೆಯೇ ಎಂದು ಎರಡೆರಡು ಸಲ ಕೇಳಿದ್ದರಂತೆ. ಊರಿನ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಸುಭಾಷ ಮನೆಗೆ ಬಂದವನು ಉಣ್ಣಲಿಲ್ಲ. ಜ್ವರವೋ ಏನೋ ಎಂದು ಅವಳು ಹಣೆ ಮುಟ್ಟಿ ನೋಡಿದ್ದಳು. ದೀಪಾವಳಿಯೊಳಗೆ ಬೇರೊಂದು ಗುರ್ತ ಹುಡುಕಿಕೊಂಡರಾಯಿತು ಎಂದು ಆತ ಲೆಕ್ಕ ಹಾಕಿದ್ದಿರಬೇಕು.

ಇವತ್ತು ಆ ಗೋಡೆಯನ್ನು ತಾನೇ ತಲೆಯ ಮೇಲೆ ಹೊತ್ತು ತಗ್ಗಿಗೆ ಹಾಕಿದ್ದಳು. ಕೂದಲಲ್ಲಿ ಇನ್ನೂ ಅದರ ಸುಣ್ಣ ಇತ್ತು.

ಗಂಗಮ್ಮ ಒಳಗೆ ಹೋಗಿ ಪೆಟ್ಟಿಗೆಯಿಂದ ಗಂಡನ ಹಳೆಯ ಬಿಳಿ ಪಂಚೆ ತಂದಳು. ಇಬ್ಬರೂ ದಂಡೆಗೆ ಓಡಿದರು. ಓಡುವಾಗ ಗಂಗಮ್ಮ ಪಂಚೆಯನ್ನು ಸೆರಗಿನೊಳಗೆ ಅಡಗಿಸಿಕೊಂಡಿದ್ದಳು. ಉಮಾಳಿಗೆ ಅದನ್ನು ನೋಡಿ ಅಂಥ ಹೆದರಿಕೆಯಲ್ಲೂ ಸಿಟ್ಟು ಬಂತು.

ಪಡುವಣದಲ್ಲಿ ಮೋಡ ಕಟ್ಟಿತ್ತು. ಸೂರ್ಯ ಅದರ ಹಿಂದೆ ಎಲ್ಲೋ ಇಳಿಯುತ್ತಿದ್ದ. ಅತ್ತೆ-ಸೊಸೆ ಬಂಡೆಗಳೆರಡೂ ಆಗಲೇ ನೀರಿನಡಿ. ಉಮಾ ಕಲ್ಲಿನ ಗುಡ್ಡೆ ಹತ್ತಿ ಪಂಚೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಗಂಗಮ್ಮ ನೀರಿನಂಚಿಗೆ ಹೋಗಿ ತಿರುಗಿ ನೋಡಿದಳು, ತಲೆ ಅಲ್ಲಾಡಿಸಿದಳು. ಗೋಡೆ ಎರಡಾಳಿಗೂ ಮಿಕ್ಕಿ ಎತ್ತರವಿತ್ತು. ಈ ಪಂಚೆ ದಂಡೆಯ ಮೇಲೆ ಯಾರೋ ಒಣಗಹಾಕಿದ ಬಟ್ಟೆಯ ಹಾಗೆ ಕಾಣುತ್ತಿತ್ತು.

ಉಮಾ ಇನ್ನೊಂದನ್ನೂ ಆಗಲೇ ಕಂಡಳು. ಸುಂಕದ ಮನೆ ಇರುವವರೆಗೆ ಸಮುದ್ರದ ಕಡೆಯಿಂದ ಅರ್ಧಕ್ಕರ್ಧ ಅದರ ಮರೆಯಲ್ಲಿ ಬೀಳುತ್ತಿದ್ದ, ತೆಂಕಣ ಬದಿಯ ಲಾಡ್ಜಿನ ಗೋಡೆ ಈಗ ಪೂರ್ತಿ ಬಯಲಾಗಿತ್ತು. ಹೊಸದಾಗಿ ಪೇಂಟ್ ಬಳಿದ, ಕಿಟಕಿಯೂ ಇಲ್ಲದ ಉದ್ದನೆಯ ಬಿಳಿ ಗೋಡೆ. ಮುಚ್ಚಂಜೆಯಲ್ಲಿ ಬಿಳಿ ಎಂದರೆ ಬಿಳಿ. ಹುಟ್ಟಿದಾಗಿನಿಂದ ಬಿಳಿ ಗೋಡೆ ನೋಡಿ ಬರುವವನು ಬಿಳಿ ಗೋಡೆಯನ್ನೇ ನೋಡುತ್ತಾನೆ. ಅದನ್ನು ಗುರ್ತ ಹಿಡಿದರೆ ದೋಣಿ ನೇರ ಸೊಸೆ ಬಂಡೆಯ ಮೇಲೆ ಹೋಗುತ್ತದೆ ಎಂದು ಗಂಗಮ್ಮ ಹೇಳಿದಳು. ಹೇಳಿ ಮರಳಿನ ಮೇಲೆ ಕುಕ್ಕರಿಸಿಬಿಟ್ಟಳು.

ಮೊಬೈಲ್ ಇದ್ದದ್ದು ದೇವಿದಾಸನ ಕಿಸೆಯಲ್ಲಿ ಮಾತ್ರ, ಅವನು ಮನೆಗೆ ಹೋಗಿಯಾಗಿತ್ತು. ದೋಣಿಯವರ ಹತ್ತಿರ ಅದು ಇರಲೂ ಇಲ್ಲ. ರಸ್ತೆಯ ಬದಿಗೆ ಜೆಸಿಬಿ ನಿಂತಿತ್ತು. ಅದರ ಡ್ರೈವರ್ ಸಂದೀಪ ಕೊಡದಲ್ಲಿ ನೀರು ತಂದು ಯಂತ್ರದ ಕೆಸರು ತೊಳೆಯುತ್ತಿದ್ದ. ಕದ್ವಾಡದವನು, ನದಿಯ ಬದಿಯವನು. ಕಡಲಿನ ಸುದ್ದಿ ಅವನಿಗೆ ಗೊತ್ತಿರಲಿಲ್ಲ. ಆ ಸಂಜೆಯೇ ಯಂತ್ರವನ್ನು ಅಂಕೋಲೆಗೆ ಒಯ್ಯುವುದಿತ್ತು. ಉಮಾ ಓಡಿಹೋಗಿ ಅವನ ಮುಂದೆ ನಿಂತಳು. ಯಂತ್ರದ ಕೈ ಎಷ್ಟು ಎತ್ತರ ಹೋಗುತ್ತದೆ ಎಂದು ಕೇಳಿದಳು. ಗೋಡೆಗಿಂತ ಎತ್ತರ ಹೋಗುತ್ತದೆ, ಎಂತಕೆ ಎಂದ ಸಂದೀಪ. ಅವಳು ಹೇಳಿದಳು. ಅವನ ಮುಖ ಇಳಿಯಿತು. ಕೆಡವಿದವನು ಅವನೇ ತಾನೇ.

"ಯಂತ್ರ ತತ್ತೆ ಅಕ್ಕಾ," ಎಂದ. "ಎಲ್ಲಿ ನಿಲ್ಲಿಸೂದು ಹೇಳು. ಒಂದು ಮಾರು ಆಚೆ ಈಚೆ ಆದ್ರೆ?"

ಉಮಾ ಅತ್ತೆಯ ಕಡೆ ನೋಡಿದಳು. ಅಷ್ಟರೊಳಗೆ ದಂಡೆಗೆ ಊರ ಹೆಂಗಸರು ಒಬ್ಬೊಬ್ಬರೇ ಬರತೊಡಗಿದ್ದರು. ಗೋಡೆ ಬಿದ್ದದ್ದನ್ನು ನೋಡಲು ಬಂದವರ ಹಾಗೆ ಸುಮ್ಮನೆ ನಿಂತಿದ್ದರು, ಮಾತಿಲ್ಲ ಕತೆಯಿಲ್ಲ. ಎಲ್ಲರಿಗಿಂತ ಮುಂದೆ ಪುಟ್ಟು ಇದ್ದಳು, ಹುಲಿಯಾನ ಹೆಂಡತಿ. ಬಲೆ ಕಡಿದ ಜಗಳದಲ್ಲಿ ಆ ಮನೆಗೂ ಈ ಮನೆಗೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಗಂಗಮ್ಮ ಪುಟ್ಟುವನ್ನು ನೋಡಿ ಬಾಯಿ ಬಿಗಿಹಿಡಿದಳು.

"ಹೇಳಿ ಅತ್ತೆ," ಎಂದಳು ಉಮಾ.

ಗಂಗಮ್ಮ ಉಮಾಳನ್ನು ಹತ್ತಿರ ಕರೆದು ಕಿವಿಯಲ್ಲಿ ಹೇಳಲು ಬಂದಳು. ಯಂತ್ರ ಆಗಲೇ ಶುರುವಾಗಿತ್ತು. ಅದರ ಗದ್ದಲದಲ್ಲಿ ಪಿಸುಮಾತು ಕೇಳಿಸುವ ಹಾಗಿರಲಿಲ್ಲ. ಅವಳು ಇನ್ನೊಮ್ಮೆ ಹೇಳಿದಳು. ಉಮಾ ಕೇಳಿಸಲಿಲ್ಲ ಎಂದು ಕೈಯಾಡಿಸಿದಳು. ಗಂಗಮ್ಮ ಸಮುದ್ರ ನೋಡಿದಳು. ದೂರದಲ್ಲಿ, ಮೋಡದ ಅಂಚಿನಲ್ಲಿ, ಮೊದಲ ದೋಣಿಯ ಕಪ್ಪು ಚುಕ್ಕಿ ಕಂಡಿತು. ಯಾರದೆಂದು ಗೊತ್ತಾಗುತ್ತಿರಲಿಲ್ಲ. ಅವಳ ಮುಖದ ಮೇಲೆ ಆ ಹೊತ್ತಿನಲ್ಲಿ ಕಂಡ ಸಂಕಟವನ್ನು ಉಮಾ ಆಮೇಲೆ ಎಷ್ಟು ಕಾಲವಾದರೂ ಮರೆಯಲಿಲ್ಲ. ಸತ್ತ ಗಂಡನಿಗೆ ಕೊಟ್ಟ ಮಾತು ಒಂದು ಕಡೆ, ಬದುಕಿರುವ ಮಗ ಇನ್ನೊಂದು ಕಡೆ.

"ಬಡಗಣ ಮೂಲೆ!" ಎಂದು ಗಂಗಮ್ಮ ಕೂಗಿದಳು. "ಗೋಡೆಯ ಬಡಗಣ ಮೂಲೆ, ಗುಡ್ಡದ ಕೊರಕಲಿನ ಕೆಳಗೆ ಬರೂಕು!"

ಹೆಂಗಸರ ಗುಂಪು ಒಮ್ಮೆ ಮಿಸುಕಿ ತಣ್ಣಗಾಯಿತು. ಗಂಗಮ್ಮ ಯಾರನ್ನೂ ನೋಡದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪುಟ್ಟು ನಾಲ್ಕು ಹೆಜ್ಜೆ ಮುಂದೆ ಬಂದಳು. ಜಗಳಕ್ಕೇ ಬಂದಳು ಎಂದುಕೊಂಡು ಉಮಾ ನಡುವೆ ನಿಂತಳು.

"ಅದು ನಮ್ಮ ಮನೆ ಗುರ್ತ," ಎಂದಳು ಪುಟ್ಟು. "ನಿಂಗೆ ಯಾರು ಹೇಳ್ರು?"

ಆಮೇಲೆ ಅವಳ ಹಿಂದಿನಿಂದ ಇನ್ನೊಬ್ಬಳು, ಅದು ನಮ್ಮದು ಎಂದಳು. ಇನ್ನೊಂದು ದೋಣಿಯ ಬೀರುವಿನ ಮುದಿ ತಾಯಿ, ನಮ್ಮ ಮಾವನ ಕಾಲದಿಂದಲೂ ಅದೇ ಎಂದಳು. ಒಬ್ಬಳಿಗೆ ಗಂಡ ನಿದ್ದೆಯಲ್ಲಿ ಬಡಬಡಿಸಿ ತಿಳಿದದ್ದು, ಪುಟ್ಟುವಿಗೆ ಹುಲಿಯಾ ಕುಡಿದು ಒದರಿ ತಿಳಿದದ್ದು, ಮತ್ತೊಬ್ಬಳು ದಿನವೂ ಸಂಜೆ ದೋಣಿ ತಿರುಗುವುದನ್ನು ನೋಡಿ ನೋಡಿ ತಾನೇ ಕಂಡುಕೊಂಡದ್ದು. ಯಾರೂ ಯಾರಿಗೂ ಹೇಳಿರಲಿಲ್ಲ. ಅಕ್ಕಪಕ್ಕದ ಅಂಗಳಗಳಲ್ಲಿ ಇವರೆಲ್ಲ ಸಂಜೆಯಾದರೆ ಬಟ್ಟೆ ತೆಗೆಯುವ, ಕೋಳಿ ಮುಚ್ಚುವ ನೆವ ಹೇಳಿಕೊಂಡು ಒಂದೇ ಗೋಡೆಯನ್ನು ನೋಡುತ್ತ, ಒಂದೇ ಹೆದರಿಕೆಯನ್ನು ಒಬ್ಬೊಬ್ಬರೇ ನುಂಗುತ್ತ ನಿಲ್ಲುತ್ತಿದ್ದರು. ಇದು ಅರ್ಥವಾದಾಗ ಉಮಾಳಿಗೆ ನಗು ಬರಲಿಲ್ಲ. ಊರಿನ ದೋಣಿಗಳೆಲ್ಲ ಇವತ್ತು ಹೊರಗಿವೆ, ಎಲ್ಲವೂ ಅದೇ ಗೋಡೆ ನೋಡಿಕೊಂಡೇ ಬರುತ್ತವೆ ಎಂದು ಹೊಳೆಯಿತು.

ಮೂಲೆ ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ಅದು ಎಲ್ಲಿತ್ತು ಎಂಬುದು ಈಗ ಯಾರಿಗೂ ಗೊತ್ತಾಗುತ್ತಿರಲಿಲ್ಲ, ನೆಲ ಪೂರ್ತಿ ಕಲ್ಲುಮಣ್ಣು ಹರಡಿಹೋಗಿತ್ತು. ಅದು ಉಮಾಳಿಗೆ ಗೊತ್ತಿತ್ತು. ಬೆಳಿಗ್ಗೆ ನೆರಳಿದೆ ಎಂದು ನೀರಿನ ಬಿಂದಿಗೆಯನ್ನು ಆ ಮೂಲೆಗೇ ಇಟ್ಟಿದ್ದಳು. ಅವಳು ಕೈಯಿಂದಲೇ ಮಣ್ಣು ಕೆದಕಿದಳು. ಬೇರೆ ಹೆಂಗಸರೂ ಬಾಗಿ ಕೆದಕಿದರು. ಉಗುರು ಕಿತ್ತು ರಕ್ತ ಬಂದರೂ ಯಾರೂ ನಿಲ್ಲಲಿಲ್ಲ. ಪಾಯದ ಮೂಲೆಗಲ್ಲು ಸಿಕ್ಕಿತು. ಸಂದೀಪ ಯಂತ್ರವನ್ನು ಅದರ ಮೇಲೆಯೇ ತಂದು ನಿಲ್ಲಿಸಿದ.

ಒಂದು ಪಂಚೆ ಸಾಲುತ್ತಿರಲಿಲ್ಲ. ಲಾಡ್ಜಿನಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಹೋಗುವವಳೊಬ್ಬಳು ಹಿತ್ತಲಲ್ಲಿ ಹರವಿದ್ದ ಬಿಳಿ ಚಾದರಗಳನ್ನು ಬಾಚಿಕೊಂಡು ಬಂದಳು. ನಾಲ್ಕೈದನ್ನು ಸೇರಿಸಿ ಗಂಟು ಹಾಕಿ ಯಂತ್ರದ ಕೈಗೆ ಕಟ್ಟಿದರು. ಕೈ ಗುರುಗುಟ್ಟುತ್ತ ಮೇಲೆ ಹೋಯಿತು. ಚಾದರ ಗಾಳಿಗೆ ಪಟಪಟ ಬಡಿಯಿತು. ಕೆಳಗಿನ ತುದಿಗಳನ್ನು ಹಗ್ಗ ಹಾಕಿ ಇಬ್ಬರು ಎಳೆದು ಹಿಡಿದರು.

ಪುಟ್ಟು ಅಲ್ಲಿ ನಿಲ್ಲಲಿಲ್ಲ. ತಾನೂ ಮತ್ತೆ ಏಳೆಂಟು ಜನ ಹೆಂಗಸರೂ ಬುಟ್ಟಿ, ಕೊಡ, ಕೈಗೆ ಸಿಕ್ಕಿದ್ದು ಹಿಡಿದು ರಸ್ತೆಯ ತಗ್ಗಿನ ಕರಿ ಕೆಸರು ತುಂಬಿ ಲಾಡ್ಜಿನ ಗೋಡೆಗೆ ರಾಚತೊಡಗಿದರು. ಮ್ಯಾನೇಜರ್ ಹೊರಗೆ ಓಡಿಬಂದು ಪೊಲೀಸರನ್ನು ಕರೆಯುತ್ತೇನೆ ಎಂದ. ಕರೆ, ಅವರು ಬರುವಷ್ಟರಲ್ಲಿ ಮುಗೀತದೆ ಎಂದಳು ಪುಟ್ಟು. ಒಂದು ಉಂಡೆ ಕೆಸರು ಅವನ ಅಂಗಿಗೂ ಹೋಯಿತು. ಅದು ಗುರಿ ತಪ್ಪಿದ್ದಲ್ಲ. ಮೇಲಿನ ಮಾಳಿಗೆಗೆ ಕೆಸರು ತಲುಪದಾಗ ಅವರು ಅವನ ಮೆಟ್ಟಿಲನ್ನೇ ಹತ್ತಿ, ತಾರಸಿಯಿಂದ ಕೆಳಗೆ ಸುರಿದರು.

ಉಮಾ ನೀರಿನಂಚಿನಲ್ಲಿ ನಿಂತಿದ್ದಳು. ಬೆಳಕು ಕಣ್ಣೆದುರೇ ಕರಗುತ್ತಿತ್ತು. ಸಂದೀಪ ಯಂತ್ರದ ಎರಡೂ ದೀಪಗಳನ್ನು ಚಾದರದ ಮೇಲೆ ಬೀಳುವಂತೆ ತಿರುಗಿಸಿ ಹಚ್ಚಿದ. ಮೊದಲ ದೋಣಿ ಕೊಲ್ಲಿಯ ಬಾಯಿಗೆ ಬಂದು ನಿಂತಿತು. ಎಂಜಿನ್ನಿನ ಸದ್ದು ತಗ್ಗಿತು. ಒಳಗೆ ಬರಲೊಲ್ಲದು, ಹಿಂದೆ ಹೋಗಲೊಲ್ಲದು. ಅದು ಮೆಲ್ಲಗೆ ಬಡಗಲಿಗೆ ಸರಿದು, ಮೂತಿ ತಿರುಗಿಸಿ, ಎರಡು ಬಂಡೆಗಳ ನಡುವಿನಿಂದ ಒಳಗೆ ಬಂತು. ಹುಲಿಯಾನದು. ಅದರ ಹಿಂದೆ ಬೀರುವಿನದು, ಅದರ ಹಿಂದೆ ಇನ್ನೂ ಒಂದು, ಮತ್ತೊಂದು. ಒಂದೊಂದು ದೋಣಿ ಬಂದಾಗಲೂ ಒಬ್ಬಳು ಗುಂಪಿನಿಂದ ಬಿಟ್ಟು ನೀರಿಗೆ ಓಡಿದಳು. ಕೊನೆಗೆ ಕಾಯುತ್ತ ಉಳಿದವರು ಗಂಗಮ್ಮ ಮತ್ತು ಉಮಾ.

ಸುಭಾಷ ಬಂದಿರಲಿಲ್ಲ.

ಅವನು ತೆಂಕಲಿಗೆ ಹೋಗಿದ್ದನೆಂದು ಬೀರು ಹೇಳಿದ. ಬೆಳಂಬಾರದ ಕಡೆ ತೇಲುತ್ತಿದ್ದುದನ್ನು ಮಧ್ಯಾಹ್ನ ಕಂಡದ್ದು, ಆಮೇಲೆ ಇಲ್ಲ ಎಂದ. ತೆಂಕಲಿಂದ ಬರುವವನಿಗೆ ಮೊದಲು ಕಾಣುವುದು ಲಾಡ್ಜಿನ ಗೋಡೆಯೇ. ಅದರ ಮೇಲಿನ ಮಾಳಿಗೆ ಇನ್ನೂ ಬಿಳಿ ಉಳಿದಿತ್ತು, ಹೆಂಗಸರು ತಾರಸಿಯಿಂದ ಕೆಸರು ಸುರಿಯುತ್ತಲೇ ಇದ್ದರು. ಗಂಗಮ್ಮ ಉಮಾಳ ಮಣಿಕಟ್ಟು ಹಿಡಿದುಕೊಂಡಿದ್ದಳು, ಆ ಹಿಡಿತಕ್ಕೆ ಬಳೆ ಒಡೆದು ಚರ್ಮಕ್ಕೆ ಚುಚ್ಚುತ್ತಿತ್ತು. ಉಮಾ ಕೈ ಬಿಡಿಸಿಕೊಳ್ಳಲಿಲ್ಲ. ತಾನು ಹೊತ್ತ ಒಂದೊಂದು ಬುಟ್ಟಿಯೂ ಅವಳ ನೆತ್ತಿಯ ಮೇಲೆ ಮತ್ತೆ ಕೂತಂತಿತ್ತು. ದೇವರೇ, ಅವರು ಬಂದರೆ ಸಾಕು, ಕಲ್ಲು ಹೊರುವ ಕೂಲಿಗೆ ಇನ್ನು ಹೋಗುವುದಿಲ್ಲ ಎಂದು ಹೇಳಿಕೊಂಡಳು. ಹೋಗದೆ ಉಣ್ಣುವುದು ಹೇಗೆಂದು ಆ ಹೊತ್ತಿಗೆ ಅವಳಿಗೆ ಹೊಳೆಯಲಿಲ್ಲ.

ಕತ್ತಲಿನೊಳಗಿಂದ ಎಂಜಿನ್ನಿನ ಸದ್ದು ಕೇಳಿತು. ಅದು ತೆಂಕಣ ಬದಿಯಿಂದ, ಸೊಸೆ ಬಂಡೆ ಇರುವ ಕಡೆಯಿಂದಲೇ ಬರುತ್ತಿತ್ತು. ಹುಲಿಯಾ ಬಾಯಿಗೆ ಕೈ ಹಿಡಿದು ಕೂಗಿದ, ಗಾಳಿ ಅದನ್ನು ಹಿಂದಕ್ಕೇ ಎಸೆಯಿತು. ಸದ್ದು ಇನ್ನೂ ಹತ್ತಿರ ಬಂತು. ಆಮೇಲೆ ಒಮ್ಮೆಲೇ ನಿಂತುಹೋಯಿತು.

ಎಷ್ಟು ಹೊತ್ತೆಂದು ಉಮಾಳಿಗೆ ಗೊತ್ತಾಗಲಿಲ್ಲ. ಬರೀ ತೆರೆಯ ಸದ್ದು, ಚಾದರ ಬಡಿಯುವ ಸದ್ದು. ಮತ್ತೆ ಎಂಜಿನ್ ಕೆಮ್ಮಿತು, ಹಿಡಿಯಿತು. ಸದ್ದು ಬಡಗಲಿಗೆ ಸರಿಯಿತು, ನಿಧಾನವಾಗಿ, ತಡವರಿಸುತ್ತ. ಯಂತ್ರದ ಬೆಳಕಿನ ಅಂಚಿಗೆ ದೋಣಿಯ ಮೂತಿ ಬಂದಾಗ ಗಂಗಮ್ಮ ಮಗನ ಹೆಸರು ಹಿಡಿದು ಒಂದೇ ಸಲ ಕರೆದಳು, ಸೊಂಟದವರೆಗೆ ನೀರಿಗಿಳಿದಳು.

ದೋಣಿಯ ತಳ ಒಂದು ಕಡೆ ತರಚಿ ನೀರು ಒಸರುತ್ತಿತ್ತು. ಸುಭಾಷ ಕೆಳಗೆ ಹಾರಿದ, ನಿಲ್ಲಲಾಗದೆ ದೋಣಿಯನ್ನೇ ಆನಿಕೊಂಡ. ಬಿಳಿ ಗೋಡೆ ಹಿಡಿದೇ ಬರುತ್ತಿದ್ದೆ, ಬಂಡೆ ತಳಕ್ಕೆ ಮುಟ್ಟಿತು, ತಲೆ ಎತ್ತಿ ನೋಡಿದರೆ ಗೋಡೆಯೇ ಇಲ್ಲ, ಕಣ್ಣು ಹೋಯಿತು ಎಂದುಕೊಂಡೆ ಎಂದ. ಆಮೇಲೆ ಬಡಗಲಲ್ಲಿ ಇನ್ನೊಂದು ಬಿಳಿ ಮೇಲೆ ಕಂಡಿತಂತೆ. ಮಾತಾಡುತ್ತಲೇ ಅವನು ಯಂತ್ರ ಎಲ್ಲಿ ನಿಂತಿದೆ ಎಂದು ನೋಡಿದ. ಸುತ್ತ ನಿಂತ ಊರವರನ್ನೆಲ್ಲ ನೋಡಿದ. ಅವನ ಮುಖ ಬಿಗಿಯಿತು.

"ಯಾರಿಗೆ ಹೇಳ್ದೆ ಆಯಿ?"

ಗಂಗಮ್ಮ ಮಗನ ಒದ್ದೆ ತೋಳುಗಳನ್ನು ಭುಜದಿಂದ ಮಣಿಕಟ್ಟಿನವರೆಗೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಉಮಾಳಿಗೆ ಅಷ್ಟು ಹೊತ್ತು ಒಳಗೆ ಹಿಡಿದಿಟ್ಟದ್ದು ಈಗ ಸಿಟ್ಟಾಗಿ ಬಂತು.

"ಎಲ್ಲರಿಗೂ ಹೇಳ್ರು. ಕೂಗಿ ಹೇಳ್ರು," ಎಂದಳು. "ಮೀಟಿಂಗಲ್ಲಿ ನೀವು ಒಂದು ಮಾತು ಆಡಿದ್ರೆ ಗೋಡೆ ಉಳೀತಿತ್ತು. ಎಂತಕೆ ಸುಮ್ನೆ ಕುಂತ್ರಿ?"

ಸುಭಾಷ ದನಿ ತಗ್ಗಿಸಿದ. ತಗ್ಗಿಸುವುದು ಅವನಿಗೆ ಅಭ್ಯಾಸ.

"ಹುಲಿಯಾ ಎದುರಿಗೇ ಕುಂತಿದ್ದಾ. ಹ್ಯಾಂಗೆ ಹೇಳೂದು?"

ಹುಲಿಯಾ ಅಲ್ಲೇ ಹಿಂದೆ ಇದ್ದ, ಸುಭಾಷನ ದೋಣಿಯ ಹಗ್ಗ ಹಿಡಿದು ಎಳೆಯಲು ಬಂದವನು. ಅವನು ಹಗ್ಗ ಬಿಟ್ಟ.

"ನೀ ಎದುರಿಗೆ ಕುಂತಿದ್ದೆ ಅಂತ್ಲೇ ನಾನೂ ಬಾಯಿ ಬಿಡ್ಲಿಲ್ಲ, ಮಾರಾಯಾ," ಎಂದ.

ಬೀರು ತಲೆ ತಗ್ಗಿಸಿ ಕಾಲಿನಿಂದ ಮರಳು ಕೆದಕಿದ. ಇನ್ನೊಬ್ಬ ಬಲೆಯ ಮೇಲೆ ಕೂತುಬಿಟ್ಟ. ಯಾರೂ ನಗಲಿಲ್ಲ. ಗಂಡಸರು ಒಬ್ಬರ ಮುಖ ಒಬ್ಬರು ನೋಡಲಾರದೆ ನಿಂತಿದ್ದರು. ಆಚೆ ಪುಟ್ಟು ಮೈಯೆಲ್ಲ ಕೆಸರಾಗಿ ಗಂಗಮ್ಮನ ಪಕ್ಕ ಬಂದು, ಒದ್ದೆ ಸೀರೆ ಹಿಂಡಿಕೊಡುತ್ತಿದ್ದಳು.

ಸಂದೀಪ ಬಂದು, ಯಂತ್ರ ಅಂಕೋಲೆಗೆ ಮುಟ್ಟಿಸದಿದ್ದರೆ ತನ್ನ ಕೆಲಸ ಹೋಗುತ್ತದೆ, ಇನ್ನು ಹೊರಡುತ್ತೇನೆ ಎಂದ. ಬೇಡವೆನ್ನುವ ಬಾಯಿ ಯಾರಿಗಿತ್ತು. ಯಂತ್ರದ ಕೈ ಕೆಳಗಿಳಿಯಿತು. ಹೆಂಗಸರು ಚಾದರ ಬಿಚ್ಚಿಕೊಂಡರು. ದೀಪ ತಿರುಗಿ ರಸ್ತೆ ಹಿಡಿದು ಹೋದ ಮೇಲೆ ಗೋಡೆ ಇದ್ದ ಜಾಗ ಎಲ್ಲಿತ್ತೆಂದೇ ಕಾಣದಷ್ಟು ಕತ್ತಲಾಯಿತು. ಎಲ್ಲರೂ ಅತ್ತಲೇ ನೋಡುತ್ತಿದ್ದರು.

"ನಾಳೆ ಎಂತಾ ನೋಡ್ಕಂಡ್ ಬರೂದು?" ಎಂದು ಸುಭಾಷ ಹುಲಿಯಾನನ್ನು ಕೇಳಿದ. ಈ ಸಲ ಅವನು ದನಿ ತಗ್ಗಿಸಲಿಲ್ಲ.

ಹುಲಿಯಾ ತಾನು ಬಿಟ್ಟಿದ್ದ ದೋಣಿಯ ಹಗ್ಗ ಮತ್ತೆ ಕೈಗೆತ್ತಿಕೊಂಡ. ಅವನಿಗೂ ಗೊತ್ತಿರಲಿಲ್ಲ.